ಮೊದಲು ಹೇಳಿದವನಿಗೆ ಪೆಪ್ಪರ್‌ಮೆಂಟು

ಜೈಲಿನ ಭೇಟಿಯ ಸಾಲು ಬೆಳಗಿನಿಂದ ಕದಲಿರಲಿಲ್ಲ. ಗಂಡನಿಗೆ ಬಟ್ಟೆಗಂಟು ಹೊತ್ತು ತಂದಿದ್ದ ದರ್ಜಿ ಹೆಂಗಸಿಗೆ ಕಿವಿ ಮುಚ್ಚಿಕೊಳ್ಳೋಣವೆಂದರೂ ಕೈ ಖಾಲಿ ಇರಲಿಲ್ಲ. ಮುಂದೆ ನಿಂತಿದ್ದ ಮುದುಕ ಹೆಂಡತಿಯನ್ನು ಕೇಳುತ್ತಿದ್ದ.

"ದೊಡ್ಡವನು ಬರಲ್ವಂತಾ?"

"ಯಾವ ಮುಖ ಇಟ್ಕೊಂಡು ಬರ್ತಾನೆ? ತಮ್ಮನ ಹೆಸರು ಪೊಲೀಸರಿಗೆ ಕೊಟ್ಟೋನೇ ಅವನು."

"ಬರೀ ಪೋಸ್ಟರ್ ಅಂಟಿಸಿದ್ದಕ್ಕೆ ಒಳಗೆ ಹಾಕ್ತಾರೆ ಅಂತ ಅವನಿಗೇನು ಗೊತ್ತು?"

"ಚೆನ್ನಾಗಿ ಗೊತ್ತಿತ್ತು. ಸರ್ಕಾರದ ವಿರುದ್ಧ ಇರೋರು ಮನೇಲಿದ್ರೂ ಬಿಡಬಾರದಂತೆ."

"ಎಲ್ಲಿ ಕಲಿತನೋ ಇದನ್ನ."

"ನಮ್ಮನೇಲೇ. ಒಂದು ಲೋಟ ಒಡೆದ್ರೆ ನೀವು ಇಬ್ಬರನ್ನೂ ಗೋಡೆಗೆ ನಿಲ್ಲಿಸ್ತಿದ್ರಲ್ಲ. ಯಾರು ಅಂತ ಮೊದಲು ಹೇಳಿದವನಿಗೆ ಪೆಪ್ಪರ್‌ಮೆಂಟು, ಇನ್ನೊಬ್ಬನಿಗೆ ಬೆಲ್ಟು."

"ಮಕ್ಕಳು ಸುಳ್ಳು ಕಲೀಬಾರದು ಅಂತ ಕಣೇ."

"ಚಿಕ್ಕವನು ಒಂದು ದಿನಾನೂ ಬಾಯಿ ಬಿಡಲಿಲ್ಲ. ಈಗಲೂ ಜೊತೆಯವರ ಹೆಸರು ಹೇಳ್ತಿಲ್ವಂತೆ. ಅದಕ್ಕೇ ಹೊಡೀತಿದಾರೆ."

ಮುದುಕ ಗೇಟಿನ ಕಡೆ ತಿರುಗಿದ.

"ಹೆಸರು ಕೊಟ್ಟು ಬಂದ ದಿನ," ಎಂದಳು ಹೆಂಡತಿ, "ದೊಡ್ಡವನು ಚಿಕ್ಕಂದಿನಲ್ಲಿ ನಿಲ್ತಿದ್ದ ಹಾಗೇ ನಿಮ್ಮೆದುರು ಬಂದು ನಿಂತ. ನೀವು ಬೆನ್ನು ತಟ್ಟಿದ್ರಿ. ನಾನು ನೋಡ್ದೆ."

"ಕೈ ತಾನಾಗೇ ಹೋಯ್ತು ಕಣೇ."

ಅಷ್ಟರಲ್ಲಿ ಗೇಟಿನ ಕಿರುಬಾಗಿಲು ತೆರೆಯಿತು. ಇಬ್ಬರೂ ತಲೆ ತಗ್ಗಿಸಿ ಒಳಗೆ ಹೋದರು. ಅವರು ಬಿಟ್ಟ ಜಾಗಕ್ಕೆ ದರ್ಜಿ ಹೆಂಗಸು ಸರಿದು ನಿಂತಳು.