ಎಲೆಯ ಮೇಲಿನ ಫ್ಯೂಸು

ಆಷಾಢದ ಮಳೆ ಅಂದು ಮಧ್ಯಾಹ್ನದಿಂದಲೇ ಹಾಲಾಡಿಯನ್ನು ಹಿಡಿದು ಕೂತಿತ್ತು. ಸಂಜೆ ಕರೆಂಟು ಹೋಯಿತು. ಮೀನು ವ್ಯಾಪಾರದ ಲೀಲಾಧರನ ಮನೆಯ ಚಾವಡಿಯಲ್ಲಿ ಎರಡು ಮೇಣದ ಬತ್ತಿಗಳ ಸುತ್ತ ನೆಂಟರಿಷ್ಟರು ಒತ್ತಿಕೊಂಡು ಕೂತರು. ಸೇರಿದ ಕಾರಣ ಎಲ್ಲರಿಗೂ ಗೊತ್ತಿತ್ತು: ಮಗಳು ಮೋಕ್ಷಿತಾಳನ್ನು ಬೈಂದೂರು ಕಡೆಯ ಸುಧಾಕರನಿಗೆ ಕೊಡುವುದೋ ಬೇಡವೋ ಎಂಬುದು ಆ ಸಂಜೆಯೇ ತೀರ್ಮಾನವಾಗಬೇಕಿತ್ತು. ಸುಧಾಕರನಿಗೆ ಬೋಟಿನಲ್ಲಿ ಪಾಲಿತ್ತು, ಕಡಲ ದಂಡೆಯಲ್ಲಿ ಸ್ವಂತ ಮನೆಯಿತ್ತು. ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಡ್ಡ ಬಂದ ಮಾತು ಒಂದೇ. ಆ ಮನೆಯಲ್ಲಿ ದೆವ್ವವಿದೆಯಂತೆ.

ಲೀಲಾಧರನ ಸೋದರತ್ತೆ, ಬಾಗಿ ಎಂಬ ಹೆಸರಿನವಳು, ಗೋಡೆಗೊರಗಿ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಸುಧಾಕರನ ಮನೆಯ ಬೇಲಿಯಾಚೆಯೇ ಅವಳ ಮನೆ.

“ಹೌದಾ ಅಜ್ಜಿ, ಅಲ್ಲಿ ದೆವ್ವ ಇತ್ತಾ?” ಮೋಕ್ಷಿತಾ ನಗುತ್ತ ಕೇಳಿದಳು.

“ಇತ್ತ್. ಒಂದಲ್ಲ, ಈಗ ಎರಡ್ ಇತ್ತ್. ನಗಾಡ್ಬೇಡ ಹೆಣ್ಣೆ... ಕೇಣ್.”

ಮುದುಕಿ ಎಲೆಯಡಿಕೆ ಉಗಿದು ಬಂದು ಹೇಳತೊಡಗಿದಳು.

ಆ ಮನೆಗೆ ಕರೆಂಟು ಬಂದದ್ದು ಸುಧಾಕರನ ತಾಯಿ ಸುಗುಣ ಮದುವೆಯಾಗಿ ಬಂದ ವರ್ಷ. ವಯರಿಂಗ್ ಮಾಡಿದವನು ಬಾವಿಕಟ್ಟೆಯ ಪಕ್ಕ ಆಳದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ದಾರಿ ತಪ್ಪಿದ ಕರೆಂಟು ಇಲ್ಲಿಂದ ನೆಲಕ್ಕಿಳಿಯುತ್ತದೆ, ಬೇಸಿಗೆಯಲ್ಲಿ ಇದು ಒಣಗಬಾರದು, ದಿನಕ್ಕೊಂದು ಕೊಡ ನೀರು ಹೊಯ್ಯಿರಿ ಎಂದು ಹೇಳಿ ಹೋದ. ಸುಗುಣ ನಲವತ್ತು ಬೇಸಿಗೆ ತಪ್ಪದೆ ಹೊಯ್ದಳು. ಮಗ ದೊಡ್ಡವನಾದ, ಅಂಗಳಕ್ಕೆ ಇಂಟರ್‌ಲಾಕ್ ಹಾಸಿಸಿದ. ತುಕ್ಕು ಹಿಡಿದ ಪೈಪು ಅಂಗಳದ ಚಂದ ಕೆಡಿಸುತ್ತದೆಂದು ಕಿತ್ತೆಸೆದು ಗುಂಡಿ ಮುಚ್ಚಿದ. ತಾಯಿ ಬೊಬ್ಬೆ ಹೊಡೆದರೆ, “ಪೈಪಿಗೆ ಪೂಜಿ ಮಾಡ್ತ್ಯಾ ಅಬ್ಬಿ?” ಎಂದು ನಕ್ಕ. ನಲವತ್ತು ವರ್ಷದ ಅದೇ ತಂತಿಗೆ ಬಚ್ಚಲಲ್ಲಿ ಗೀಸರು ತಗುಲಿಸಿದ. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು, ಅದರಲ್ಲಿದ್ದ ಕೂದಲೆಳೆಯಂಥ ತಂತಿಯನ್ನು ತೆಗೆದು ಬೋಟಿನ ವಯರಿನ ದಪ್ಪ ತಾಮ್ರ ಸುತ್ತಿದ. ಆ ಮಳೆಗಾಲದಲ್ಲೇ ಸುಗುಣ ಬಚ್ಚಲ ನಲ್ಲಿ ಹಿಡಿದವಳು ಹಿಡಿದ ಹಾಗೇ ಹೋದಳು. ಬಲ ಅಂಗೈ ಕಪ್ಪಾಗಿತ್ತು. ಹಾರ್ಟು ನಿಂತಿತು ಎಂದ ಮಗ.

“ಹಾರ್ಟ್ ಅಂಬ್ರ್!” ಬಾಗಿ ನೆಲಕ್ಕೆ ಬಡಿದಳು. “ನಿಲ್ಲದೆ ಎಂತ ಮಾಡತ್ತ್ ಮಾರಾಯ್ರೆ? ನಿಲ್ಸಿದ್ದ್ ಯಾರ್ ಅಂದೇಳಿ ಯಾರಾರೂ ಕೇಂಡ್ರಾ? ನೀವ್ ಕೇಂಡ್ರ್ಯಾ?”

ಅವಳು ಕಥೆ ಮುಂದುವರಿಸಿದಳು.

ಮರುವರ್ಷ ವಿನಯಾ ಸೊಸೆಯಾಗಿ ಬಂದಳು. ನಲ್ಲಿ ಮುಟ್ಟಿದರೆ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ಅವಳು ಗಂಡನನ್ನು ಕಾಡಿ ವಯರ್‌ಮ್ಯಾನ್ ಕುಷ್ಟನನ್ನು ಕರೆಸಿದಳು. ಕುಷ್ಟ ಜಗಲಿಯ ಮರದ ಬೋರ್ಡು ಬಿಚ್ಚಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ.

“ಹ್ವಾಯ್ ಸುಧಾಕರ್ರೆ, ಕರೆಂಟಿಗೆ ನೆಲಕ್ ಇಳುಕೆ ದಾರಿ ಬೇಕ್. ನೀವ್ ಅದನ್ನ ಮುಚ್ಚಿದ್ರಿ, ಇನ್ನ್ ಅದ್ ಮನ್ಷರ್ ಮೈಯಂಗೇ ಇಳೂದ್. ಗುಂಡಿ ತೋಡ್ಕ್, ವಯರ್ ಎಲ್ಲ ಬದಲ್ಸ್ಕ್, ಶಾಕ್ ಹೊಡ್ದ್ ಕೂಡ್ಲೆ ತನ್ನಷ್ಟಕೆ ಬೀಳು ಸ್ವಿಚ್ಚ್, ಇಎಲ್‌ಸಿಬಿ ಹಾಕ್ಕ್.”

“ನಲ್ಲಿಯಂಗೆ ಜುಂ ಅಂದೇಳಿ ಮುಟ್ಟೂದ್ ಸತ್ತ ನಮ್ ಅಬ್ಬಿ,” ಎಂದ ಸುಧಾಕರ. “ಅದ್ಕೆ ನೀ ಎಂತಕೆ?”

ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದ. ಸತ್ತವಳಿಗೆ ತೃಪ್ತಿಯಿಲ್ಲ, ಬಡಿಸಬೇಕು ಎಂದು ಬಂತು. ದೀಪ ಹಚ್ಚುವ ಹೊತ್ತಿಗೆ ಒಳಕೋಣೆಯಲ್ಲಿ ಬಾಳೆಯೆಲೆ ಹಾಕಿ, ಕೊಟ್ಟೆ ಕಡುಬು, ಕೋಳಿ ಸಾರು, ಹುರಿದ ಬಂಗುಡೆ ಬಡಿಸಿ, ಬಾಗಿಲೆಳೆದು ಎಲ್ಲರೂ ಜಗಲಿಯಲ್ಲಿ ಉಸಿರು ಬಿಗಿಹಿಡಿದು ಕೂತರು. ಬಾಗಿಯೂ ಅಲ್ಲಿದ್ದಳು. ಫಕ್ಕನೆ ಮನೆಯ ದೀಪವೆಲ್ಲ ಆರಿತು. ಬಾಗಿಲು ತೆರೆದು ನೋಡಿದರೆ... ಒಂದು ತುಣುಕೂ ಕದಲಿರಲಿಲ್ಲ. ಎಲೆಯ ನಡುವೆ ಪಿಂಗಾಣಿಯ ಫ್ಯೂಸು ಇತ್ತು. ಸುತ್ತಿದ್ದ ತಾಮ್ರವನ್ನು ಬಿಚ್ಚಿ, ನೇರ ಮಾಡಿ, ಮೀನಿನ ಮುಳ್ಳಿನಂತೆ ಎಲೆಯ ಅಂಚಿಗೆ ಇಟ್ಟಿತ್ತು. ಆ ಫ್ಯೂಸು ಇದ್ದದ್ದು ಎಲ್ಲರ ತಲೆಯ ಮೇಲೆ, ಜಗಲಿಯ ಬೋರ್ಡಿನಲ್ಲಿ! ಕಿತ್ತವರು ಯಾರು? ಕೂತವರಲ್ಲಿ ಒಬ್ಬರಾದರೂ ಎದ್ದಿದ್ದರೇ?

“ಅಬ್ಬಿಗೆ ಬೆಳ್ಕ್ ಆತಿಲ್ಲ ಕಾಣತ್ತ್,” ಎಂದು ಸುಧಾಕರ ಅದೇ ತಾಮ್ರವನ್ನು ಮತ್ತೆ ಸುತ್ತಿ ಚುಚ್ಚಿದ. ಮೂರು ಸಲ ಬಡಿಸಿದ, ಮೂರು ಸಲವೂ ಫ್ಯೂಸು ಎಲೆಯ ಮೇಲೆ ಬಂತು. ಮೂರನೆಯ ಸಲ ವಿನಯಾ ಅದನ್ನೆತ್ತಿ ನೋಡಿದಳು. ಬಿಳಿ ಪಿಂಗಾಣಿಯ ಮೇಲೆ ಸುಟ್ಟ ಬೆರಳುಗಳ ಕಪ್ಪು ಗುರುತಿತ್ತು.

“ಅತ್ತಿ ಹಸ್ದ್ ಬಂದದ್ದಲ್ಲ, ನಮ್ಮನ್ನ ಉಳ್ಸುಕೆ ಬಂದದ್ದ್!” ಎಂದು ಅವಳು ಊರಿಗೆ ಕೇಳುವಂತೆ ಕೂಗಿದಳು. “ಕುಷ್ಟಣ್ಣನ್ನ ಕರ್ಕಂಡ್ ಬನ್ನಿ!”

“ಸತ್ತವರ ವಿಚಾರ ನಿಂಗೇ ಹೆಚ್ಚ್ ಗೊತ್ತಿತ್ತಾ?” ಎಂದು ಗಂಡ ಅವಳ ಬಾಯಿ ಮುಚ್ಚಿಸಿದ.

ಒಂದು ಬೆಳಿಗ್ಗೆ ಫ್ಯೂಸು ಬಚ್ಚಲ ಹೊಸ್ತಿಲಲ್ಲಿ ಬಿದ್ದಿತ್ತು. ವಿನಯಾ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಜಗಲಿಯ ಗೂಡಿನಲ್ಲಿಟ್ಟಳು. ಇವತ್ತೊಂದು ದಿನ ಅತ್ತೆಯ ಕಾವಲಿದೆ ಎಂಬ ಧೈರ್ಯದಲ್ಲಿ ಸ್ನಾನಕ್ಕೆ ಹೋದಳು. ಬಂದರಿನಿಂದ ಬಂದ ಸುಧಾಕರ ಫ್ಯಾನು ತಿರುಗದ್ದನ್ನು ಕಂಡ. ಹೆಂಡತಿ ಎಲ್ಲಿ ಎಂದು ಕೇಳಲಿಲ್ಲ, ಒಂದು ಕೂಗು ಹಾಕಲಿಲ್ಲ. ಇಮ್ಮಡಿ ತಾಮ್ರ ಸುತ್ತಿ, ಅಂಗೈಯಿಂದ ಗುದ್ದಿ ಫ್ಯೂಸು ಹಾಕಿದ. ಬಚ್ಚಲಿನಿಂದ ಒಂದೇ ಚೀರು... ಬೇಲಿಯಾಚೆಯಿಂದ ಬಾಗಿ ಓಡಿ ಬಂದಳು. ಫ್ಯಾನು ತಿರುಗುತ್ತಲೇ ಇತ್ತು.

ಹದಿಮೂರು ದಿನ ಕಳೆದು ಆ ಮನೆಯಲ್ಲಿ ಸತ್ತ ಅತ್ತೆಗೊಂದು, ಸೊಸೆಗೊಂದು ಎಂದು ಎರಡು ಎಲೆ ಹಾಕಿದರು. ವಯರು ಬದಲಾಗಲಿಲ್ಲ.

ಚಾವಡಿಯಲ್ಲಿ ಲೀಲಾಧರ ಮೇಣದ ಬತ್ತಿಯ ಕರಿ ಚಿವುಟಿದ. “ಈಗ ಮನಿಗೆಲ್ಲ ಬಣ್ಣ ಹೊಡ್ಸಿದ ಅಂಬ್ರ್ ಅತ್ತೆ... ಎಸಿಯೂ ಹಾಕ್ಸಿದ ಅಂಬ್ರ್.”

“ಅದೇ ವಯರಿಗೆ ಎಸಿ!” ಬಾಗಿ ಸಿಟ್ಟಿನಿಂದ ಗೋಡೆ ಬಿಟ್ಟು ನೆಟ್ಟಗೆ ಕೂತಳು. “ಮೊನ್ನೆ ಮಂಗ್ಳಾರ ಹೊತ್ತ್ ಕಂತೂ ಹೊತ್ತಿಗೆ ನಾ ಅವ್ನ್ ಜಗ್ಲಿಗ್ ಹೋಯಿದೆ. ಫ್ಯೂಸ್ ಯಾರೂ ಕೀಳೂಕಾಗ ಅಂದೇಳಿ ನೈಲಾನ್ ಹಗ್ಗ ಹಾಕಿ ಬಿಗ್ದ್ ಕಟ್ಟಿದ. ನಾ ಕಾಂತಾ ಇದ್ದಂಗೇ ಆ ಹಗ್ಗ ಬಿಗಿತಾ ಬಂತ್. ಗಾಳಿ ಇಲ್ಲ, ಹತ್ರ ಜನ ಇಲ್ಲ. ಅತ್ತಿ ಒಂದ್ ಬದಿ, ಸೊಸಿ ಒಂದ್ ಬದಿ... ಎಳೀತಿದ್ರ್. ಒಂದೊಂದೇ ಎಳಿ ಪಟ್ ಪಟ್ ಅಂದೇಳಿ ಹರೀತಿತ್ತ್. ಅವ ದಿನಾ ಹೊಸ ಹಗ್ಗ ತಂದ್ ಕಟ್ತ. ಸುಳ್ಳ್ ಅಂದ್ರೆ ನಾಳೆ ಹೋಯಿ ಕಾಣಿ. ಹರಿಯದ್ ಹಗ್ಗ ಸಿಕ್ಕಿದ್ ದಿನ ಆ ಮನಿಯಂಗೆ ಮೂರ್ ಎಲಿ ಹಾಕ್ತ್ರ್.”

ಅವಳು ಸುತ್ತ ಕೂತ ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಆ ಮೂರ್ನೇ ಎಲಿ ಯಾರ್ ಹೆಸ್ರಿಗ್ ಅಂದೇಳಿ ನಿಶ್ಚಯ ಮಾಡುಕೇ ಅಲ್ದಾ, ನೀವೆಲ್ಲ ಇಲ್ಲಿ ಕೂಕಂಡದ್ದ್?”