ಉಂಡೆ ಕಟ್ಟಿದ ಮಣ್ಣು

ಜಯನಗರದ ಆಸ್ಪತ್ರೆಯಲ್ಲಿ ಕಾದೂ ಕಾದೂ ಗೌರಮ್ಮನ ಕಾಲಿಗೆ ಬೇರು ಬಿಟ್ಟಂತಾಗಿತ್ತು. ಐಸಿಯು ಹೊರಗೆ ಪಕ್ಕದಲ್ಲಿ ಕೂತಿದ್ದ, ಗುರುತಿಲ್ಲದ ಅಕ್ಕ-ತಮ್ಮನನ್ನು ಮಾತಿಗೆಳೆಯೋಣವೆಂದು ಬಾಯಿ ತೆರೆದವಳು, ಅವರ ಮಾತು ಕಿವಿಗೆ ಬಿದ್ದು ಕೇಳುತ್ತಾ ಕೂತಳು.

"ಭಾವ ಬಾವಿಗ್ಯಾಕೆ ಇಳಿದ್ರಕ್ಕ?"

"ಡೀಸೆಲ್ ಇಂಜಿನ್ ಬಾವಿಯೊಳ್ಗೇ ಐತಲ್ಲ ಮನು. ಸ್ಟಾರ್ಟ್ ಮಾಡಿದ್ರು, ಹೊಗೆ ತುಂಬ್ಕೊಂಡು ಅಲ್ಲೇ ಬಿದ್ದೋದ್ರು."

"ಹುರುಳಿಕಾಯಿ ಗಿಡ ಅಷ್ಟು ಬಾಡಿತ್ತಾ?"

"ಎಲ್ಲಿ ಬಾಡಿತ್ತು? ಗೇಣುದ್ದ ಬಗೆದು ಮಣ್ಣು ಹಿಂಡಿ ತೋರ್ಸ್ದೆ, ಉಂಡೆ ಕಟ್ತು. ಉಂಡೆ ಕಟ್ಟಿದ್ರೆ ಒಳಗೆ ತೇವ ಐತೆ ಅಂತ ರೈತರ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ರು. ಇವತ್ತು ನೀರು ಬ್ಯಾಡ, ಡೀಸೆಲ್ಲೂ ಉಳೀತೈತೆ ಅಂದೆ."

"ಅದಕ್ಕೇನಂದ್ರು?"

"ಪಕ್ಕದೋರು ನೀರು ಬಿಡ್ತಾವ್ರೆ, ನಮ್ಮ ಹೊಲ ಒಣಗಿದಂಗೆ ಕಂಡ್ರೆ ಊರೋರು ಸೋಂಬೇರಿ ಅಂತಾರೆ ಅಂದ್ರು. ಉಂಡೆ ಕಟ್ಟೋದು ಅಡುಗೆಮನೇಲಿ ಇಟ್ಕೋ ಅಂತ ನಗಾಡ್ಕೊಂಡು ಹೋದ್ರು."

"ಇಂಜಿನ್ ಆಫ್ ಮಾಡಿದ್ರಾ?"

"ಊರೋರು ಹಗ್ಗ ಕಟ್ಕೊಂಡು ಇಳಿದು ಇವ್ರನ್ನ ಎತ್ತಿದ್ದೇ ಸಾಕಾಯ್ತು. ಮತ್ತೆ ಯಾರು ಇಳೀತಾರೆ? ಡೀಸೆಲ್ ಮುಗಿಯೋಗಂಟ ಓಡ್ತು. ಹೊಲದ ತುಂಬ ನೀರು ನಿಂತೈತೆ."

ಐಸಿಯು ಬಾಗಿಲು ತೆರೆಯಿತು. ಬೆಳಗಿನಿಂದ ಒಬ್ಬರನ್ನೇ ಒಳಗೆ ಬಿಡುತ್ತಿದ್ದ ನರ್ಸು, "ತಿಮ್ಮರಾಯಪ್ಪನ ಕಡೆಯೋರು ಇಬ್ರೂ ಬನ್ನಿ" ಎಂದಳು.

"ಇಬ್ರೂ ಯಾಕೆ ಸಿಸ್ಟರ್?" ಅಕ್ಕ ಕೇಳಿದಳು.

ನರ್ಸು ಬಾಗಿಲು ಹಿಡಿದು, "ಬಂದು ಮುಖ ನೋಡ್ಕೊಳ್ಳಿ" ಎಂದಳು. ಮನು ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದ.