ಗೋಡೆಯ ಮೇಲಿನ ಕಪ್ಪು ವೃತ್ತ

ಶ್ರೀಮಂತರ ಕಥೆ ಎಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಇರಲಿ, ಮಂಗಳಾರತಿಗೆ ಇನ್ನೂ ಹೊತ್ತಿದೆ, ಕೇಳಿ. ಒಂದೂರಲ್ಲಿ ಅಂಥ ಒಬ್ಬನಿದ್ದ. ಹೊಸ ಮನೆ ಕಟ್ಟಿಸಿದ. ಪೇಟೆಯ ದೊಡ್ಡವರ ಮನೆಗಳಲ್ಲಿ ಅರ್ಥವಾಗದ ಚಿತ್ರಗಳಿರುತ್ತವೆ ಎಂದು ಯಾರೋ ಹೇಳಿದರು. ತಾನೇನು ಕಮ್ಮಿ ಎಂದು ಇವನೂ ಒಂದನ್ನು ತರಿಸಿ ನಡುಮನೆಯ ಗೋಡೆಗೆ ತೂಗುಹಾಕಿಸಿದ. ಬಿಳಿ ಬಟ್ಟೆಯ ತುಂಬ ಒಂದು ಕಪ್ಪು ವೃತ್ತ, ಅದರೊಳಕ್ಕೆ ಇಳಿದ ಒಂದು ಕೆಂಪು ಗೆರೆ. ಅಷ್ಟೇ. ಮರವಿಲ್ಲ, ಮನುಷ್ಯನಿಲ್ಲ, ದೇವರಂತೂ ಇಲ್ಲವೇ ಇಲ್ಲ.

ಹೆಂಡತಿ ನೋಡಿ ದೋಸೆ ಕಾವಲಿ ಎಂದಳು. ಸೊಸೆ, ಮನೆಗೆ ದೃಷ್ಟಿಬೊಟ್ಟು ಇಟ್ಟ ಹಾಗಾಯಿತು, ಒಳ್ಳೆಯದೇ ಎಂದಳು. ಶಾಲೆಯ ಮೇಷ್ಟರು ಬಂದು, ಇದು ಗ್ರಹಣ, ಕೆಂಪು ಗೆರೆ ಎಂದರೆ ಬಿಡುಗಡೆಯ ಮೊದಲ ಕಿರಣ ಎಂದು ಕಾಲು ಗಂಟೆ ವಿವರಿಸಿದರು. ಶ್ರೀಮಂತ ಎಲ್ಲರಿಗೂ ತಲೆಯಾಡಿಸಿದ. ಅವನಿಗೆ ಕಂಡದ್ದು ಬಾವಿ.

ಯಾವ ಬಾವಿ? ಊರಾಚೆ ಅವನ ಹೊಲದಲ್ಲಿ ಒಂದು ಹಾಳುಬಾವಿ ಇತ್ತು. ಕಟ್ಟೆ ಕುಸಿದು ನೆಲಸಮವಾಗಿತ್ತು, ಸುತ್ತ ಹುಲ್ಲು ಬೆಳೆದು ಬಾಯಿ ಕಾಣದಾಗಿತ್ತು. ಅಲ್ಲಿ ಹುಲ್ಲು ಕೊಯ್ಯುವ ಹೆಂಗಸರು ಕಟ್ಟೆ ಕಟ್ಟಿಸಿ ಎಂದು ಮೂರು ವರ್ಷದಿಂದ ಕೇಳುತ್ತಿದ್ದರು. ಅವನು ಇಲ್ಲ ಎಂದವನಲ್ಲ, ನೋಡಿ. ಮನೆ ಕೆಲಸ ಮುಗಿಯಲಿ ಎಂದ. ಮನೆ ಮುಗಿಯಿತು.

ಈಗ ಊಟಕ್ಕೆ ಕೂತರೂ ಎದುರಿಗೆ ಬಾವಿ, ಎದ್ದರೂ ಬಾವಿ. ಆ ಕೆಂಪು ಗೆರೆ ಒಂದು ದಿನ ಹಗ್ಗವಾಗಿ ಕಂಡರೆ ಇನ್ನೊಂದು ದಿನ ಯಾರದೋ ಸೆರಗಾಗಿ ಕಂಡಿತು. ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ. ನನ್ನ ಬಾವಿ ಈ ಚಿತ್ರ ಬರೆದವನಿಗೆ ಹೇಗೆ ಗೊತ್ತಾಯಿತು ಎಂದು ಹೆದರಿ ಅವನ ಮನೆಗೇ ಹೋದ.

ಚಿತ್ರಕಾರ ನಕ್ಕುಬಿಟ್ಟ. "ಬಾವಿನೂ ಇಲ್ಲ, ಏನೂ ಇಲ್ಲ ಸ್ವಾಮಿ. ಕಪ್ಪಿನ ಪಕ್ಕ ಕೆಂಪು ಹೇಗೆ ಕೂರುತ್ತೆ ಅಂತ ನೋಡ್ತಿದ್ದೆ. ಬಾವಿ ನೀವು ತಂದಿದ್ದು."

ಇದನ್ನು ಕೇಳಿ ಅವನಿಗೆ ಸಮಾಧಾನವಾಗಬೇಕಿತ್ತು, ಅಲ್ಲವೇ? ಆಗಲಿಲ್ಲ. ಬಾವಿಯ ಮಾತು ಚಿತ್ರಕಾರ ಹೇಳಿದ್ದಾದರೆ ಅದನ್ನು ಸುಳ್ಳು ಎನ್ನಬಹುದಿತ್ತು. ತನ್ನ ಒಳಗೇ ಯಾರೋ ಹೇಳುತ್ತಿದ್ದರೆ ಯಾರನ್ನು ಸುಳ್ಳುಗಾರ ಎನ್ನುವುದು? ಮನೆಗೂ ಹೋಗದೆ ನೇರ ಹೊಲಕ್ಕೆ ಓಡಿದ.

ಮಟಮಟ ಮಧ್ಯಾಹ್ನ. ಒಬ್ಬ ಹೆಂಗಸು ಬಗ್ಗಿ ಹುಲ್ಲು ಕೊಯ್ಯುತ್ತ ಹಿಂದಹಿಂದಕ್ಕೆ ಸರಿಯುತ್ತಿದ್ದಳು. ಅವಳ ಹಿಮ್ಮಡಿಗೂ ಬಾವಿಗೂ ಎರಡೇ ಹೆಜ್ಜೆ. ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಸುಮ್ಮನಿದ್ದರೂ ಬೀಳುತ್ತಾಳೆ. ಇದ್ದಬದ್ದ ಉಸಿರೆಲ್ಲ ಹಿಡಿದು ಮೆಲ್ಲಗೆ ಹೇಳಿದ: "ತಾಯೀ, ಹಿಂದಕ್ಕೆ ಹೋಗ್ಬೇಡ. ನನ್ನ ಕಡೆ ಬಾ. ನಿಧಾನಕ್ಕೆ."

ಅವಳು ಬಂದಳು. "ಯಾಕ್ ಧಣಿ, ಇಲ್ಲಿ ಹುಲ್ಲು ಕೊಯ್ಯಬಾರ್ದಾ?" ಎಂದಳು. ಪಾಪ, ಅವಳಿಗಿದ್ದ ಹೆದರಿಕೆ ಅದು. ಅವನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಸಂಜೆಯೊಳಗೆ ಬಾವಿಗೆ ಮುಳ್ಳುಬೇಲಿ ಬಿತ್ತು, ವಾರದೊಳಗೆ ಕಟ್ಟೆ ಎದ್ದಿತು.

ಅವನಿಗೆ ಎರಡು ಹೆಜ್ಜೆ ಉಳಿದಿತ್ತು. ನಿಮಗೆ ಎಷ್ಟು ಉಳಿದಿದೆ? ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ನನಗೆ ಭಯವಾಗುವುದು ಅದಕ್ಕೇ. ಆ ಬಾವಿಯ ಮಾತು ಬಂದಾಗ ನಿಮ್ಮಲ್ಲಿ ಕೆಲವರು ಕಣ್ಣು ತಗ್ಗಿಸಿದ್ದನ್ನು ಕಂಡೆ. ಮಹಡಿ ಮೆಟ್ಟಿಲಿನ ಸಡಿಲ ಕಲ್ಲು, ಬಟ್ಟೆ ಒಣಹಾಕುವ ತಂತಿಗೆ ತಾಗುವ ಕರೆಂಟಿನ ವೈರು, ಬ್ರೇಕು ಹಿಡಿಯದಿದ್ದರೂ ಆಳಿನ ಕೈಗೆ ಕೊಡುವ ಗಾಡಿ. ನೋಡೋಣ ಎಂದು ಮುಂದಕ್ಕೆ ಹಾಕಿದ್ದೀರಲ್ಲ, ಅದು. ಪ್ರಸಾದ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಮನೆಗೆ ಹೋಗಿ ಎಲೆಯ ಮುಂದೆ ಕೂರುವ ಮೊದಲು ಅದನ್ನು ಸರಿಮಾಡಿ. ಇವತ್ತು ಆಗದಿದ್ದರೆ, ಆಗುವವರೆಗೂ ನೀವೇ ಹೋಗಿ ಅಲ್ಲಿ ಅಡ್ಡ ನಿಂತಿರಿ.